ಪುಸ್ತಕದಲ್ಲಿಲ್ಲದ ಪ್ರಶ್ನೆ

೧೯೭೩ನೇ ಇಸವಿ. ಗಣಪತಿಯನ್ನು ಸಮುದ್ರಕ್ಕೆ ಬಿಟ್ಟು ಬಂದು, ಮಳೆಯೂ ಹಿಂದೆ ಸರಿದು, ಮುಂಬಯಿಯಲ್ಲಿ ಅಕ್ಟೋಬರಿನ ಬೆವರು ಶುರುವಾಗಿದ್ದ ದಿನಗಳು. ನಾನಾಗ ದಾದರಿನ ಒಂದು ಕಾಲೇಜಿನ ಕೀಟಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕ. ಬಿ.ಎಸ್ಸಿ. ಪರೀಕ್ಷೆ ನನ್ನನ್ನು ಎರಡು ಸಲ ತಿರಸ್ಕರಿಸಿತ್ತು, ಮೂರನೇ ಸಲ ನಾನೇ ಅದನ್ನು ತಿರಸ್ಕರಿಸಿದ್ದೆ. ಈ ಕೆಲಸಕ್ಕೂ ಮೊದಲು ಸೋದರಮಾವ ತನ್ನ ಹೋಟೆಲಿನ ಗಲ್ಲೆಯಲ್ಲಿ ಕೂರಿಸಿ ನೋಡಿದ್ದ. ಇಡ್ಲಿ ಕೇಳಿದ ಗಿರಾಕಿಗೆ ಅವನದೇ ದನಿಯಲ್ಲಿ "ಇಡ್ಲಿ ಖಲಾಸ್" ಎಂದು ಹೇಳುತ್ತಿದ್ದ ನನ್ನನ್ನು ಮಾವ ಒಂದೇ ತಿಂಗಳಲ್ಲಿ ಹೊರಗೆ ಕರೆದು, "ಸದಾ, ನೀನು ಬಾಯಿಗೆ ಕೆಲಸವೇ ಇಲ್ಲದ ಜಾಗ ಎಲ್ಲಾದರೂ ಉಂಟಾ ನೋಡು ಮಾರಾಯ" ಎಂದು ಕೈಮುಗಿದ.

ಹೌದು, ನನಗೆ ಅನುಕರಣೆಯ ಚಟ. ಚಾಳಿನ ಮಾಲೀಕನ ಕೆಮ್ಮು, ಟಿಕೆಟ್ ಕಲೆಕ್ಟರನ ಮರಾಠಿ, ಪ್ರಿನ್ಸಿಪಾಲರು ಮೂಗಿನಿಂದ ಎಳೆಯುವ ಇಂಗ್ಲಿಷು, ಯಾವುದನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿರಲಿಲ್ಲ. ಹುಡುಗಿಯರ ಜೊತೆ ಮಾತಾಡುವಾಗ ನನ್ನ ದನಿ ತಾನಾಗಿ ದಪ್ಪಗಾಗಿ, ಹೆಸರು ಕೇಳಿದ ಕೂಡಲೇ ಕೋಳಿಮರಿಯಂತಾಗುವುದನ್ನು ಮಾಡಿ ತೋರಿಸಿದರೆ ಗೆಳೆಯರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಪ್ರಯೋಗಾಲಯವೆಂದರೆ ಮೂರನೇ ಮಹಡಿಯ ಒಂದು ಮೂಲೆಯ ಕೋಣೆ. ಕೆಳಗೆ ಲೋಕಲ್ ರೈಲು ಹೋದಾಗೆಲ್ಲ ಕಪಾಟಿನ ಸೀಸೆಗಳು ಹಲ್ಲು ಕಡಿಯುತ್ತಿದ್ದವು. ಆ ಮಳೆಗಾಲದವರೆಗೆ ಅಲ್ಲಿ ಮೂವರಿದ್ದೆವು. ಮುಖ್ಯಸ್ಥರು ಡಾಕ್ಟರ್ ಯಲಿಗಾರ, ಧಾರವಾಡದವರು. ಅವರ ಜೊತೆ ಹತ್ತಾರು ವರ್ಷ ದುಡಿದ ಕುಮುದಕ್ಕ, ಕಾರವಾರದವರು. ಮೂರನೆಯವ ನಾನು. ಮೂವರೂ ಬೇರೆ ಬೇರೆ ಕನ್ನಡದವರಾದರೂ ಬಾಗಿಲು ಹಾಕಿದರೆ ಒಳಗೆಲ್ಲ ಕನ್ನಡವೇ. ನಮ್ಮ ಮೂವರ ಅನ್ನವೂ ಹುರುಪೆ ಕೀಟದಿಂದ ಬರುತ್ತಿತ್ತು.

ಹುರುಪೆ ಕೀಟವನ್ನು ನೀವೂ ನೋಡಿರುತ್ತೀರಿ, ಅದು ಕೀಟವೆಂದು ಗೊತ್ತಾಗಿರುವುದಿಲ್ಲ. ಲಿಂಬೆಯ ಎಲೆಯ ಮೇಲೆ, ಕಾಯಿಯ ಸಿಪ್ಪೆಯ ಮೇಲೆ ಎಳ್ಳಿಗಿಂತ ಸಣ್ಣ ಕಂದು ಬೊಟ್ಟು ಅಂಟಿಕೊಂಡಿರುತ್ತದಲ್ಲ, ಉಗುರಿನಿಂದ ಕೆರೆದು ಬಿಸಾಡುತ್ತೇವಲ್ಲ, ಅದು. ಅದರ ಒಳಗೊಂದು ಹೆಣ್ಣಿರುತ್ತದೆ. ಹುಟ್ಟುವಾಗ ಅದಕ್ಕೆ ಕಾಲಿರುತ್ತದೆ, ಕಣ್ಣಿರುತ್ತದೆ. ಸ್ವಲ್ಪ ಹೊತ್ತು ತಿರುಗಾಡಿ, ಒಂದು ಜಾಗ ಆರಿಸಿ, ಎಲೆಗೆ ಮೂತಿ ಚುಚ್ಚಿ ಕೂತಿತೆಂದರೆ ಮುಗಿಯಿತು. ಕಾಲು ಹೋಗುತ್ತದೆ, ಕಣ್ಣು ಹೋಗುತ್ತದೆ. ತನ್ನ ಮೈಯಿಂದ ಒಸರುವ ಮೇಣದಲ್ಲಿ ಮುಚ್ಚಳ ಕಟ್ಟಿಕೊಂಡು ಕೊನೆಯವರೆಗೂ ಅದರ ಕೆಳಗೇ ಇರುತ್ತದೆ. ಬದುಕಿದೆಯೋ ಸತ್ತಿದೆಯೋ ಮೇಲಿನಿಂದ ತಿಳಿಯುವುದಿಲ್ಲ. ಗಂಡಿಗೆ ರೆಕ್ಕೆಯಿದೆ, ಆದರೆ ಬಾಯಿಯೇ ಇಲ್ಲ. ಇದನ್ನು ಕೇಳಿದ ದಿನ ನಾನು, "ಥೇಟ್ ನಮ್ಮ ಮಾವ" ಎಂದಿದ್ದೆ. ಮಾವನ ಮನೆಗೆ ಬಂದು, ಅತ್ತೆಯ ಎದುರು ಅವನನ್ನು ನೋಡಿದ್ದ ಕುಮುದಕ್ಕ ಮಾತ್ರ ನಕ್ಕಿದ್ದರು.

ಇಂಥದರ ಜಾತಿ ಹಿಡಿಯಬೇಕೆಂದರೆ ಮುಖ ನೋಡುವಂತಿಲ್ಲ. ಮುಚ್ಚಳವನ್ನು ಸೂಜಿಯಿಂದ ಎತ್ತಿ, ಒಳಗಿನ ಹೆಣ್ಣನ್ನು ಕಾಸ್ಟಿಕ್ ನೀರಿನಲ್ಲಿ ಮೆಲ್ಲಗೆ ಕಾಯಿಸಬೇಕು. ಒಳಗಿದ್ದದ್ದೆಲ್ಲ ಕರಗಿ ಬರಿಯ ತೊಗಲು ಉಳಿಯುತ್ತದೆ. ಅದನ್ನು ತೊಳೆದು, ಗುಲಾಬಿ ಬಣ್ಣ ಕುಡಿಸಿ, ಲವಂಗದ ಎಣ್ಣೆಯಲ್ಲಿ ಅದ್ದಿ, ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಾಲದ ಅಂಚಿನ ಹಲ್ಲುಗಳು, ತೂತುಗಳು, ಕೂದಲುಗಳು ಕಾಣುತ್ತವೆ. ಅದರ ಕುಲ, ಗೋತ್ರ, ಹೆಸರು ಎಲ್ಲ ಅಲ್ಲಿದೆ. ಕಾಯಿಸುವುದು ನನ್ನ ಕೆಲಸ. ದಿನವಿಡೀ ಲವಂಗದ ವಾಸನೆಗೆ ನನಗೆ ಬಿರಿಯಾನಿಯ ನೆನಪಾಗುತ್ತಿತ್ತು ಎಂದರೆ ನನ್ನ ಯೋಗ್ಯತೆ ನಿಮಗೆ ಅರ್ಥವಾದೀತು.

ಜಾತಿ ಹಿಡಿಯಲು ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಒಂದಾದ ಮೇಲೊಂದು ಪ್ರಶ್ನೆಗಳು. ಹಲ್ಲು ಎರಡು ಜೋಡಿಯೋ ಮೂರು ಜೋಡಿಯೋ? ಮೂರಾದರೆ ಇಂಥ ಸಂಖ್ಯೆಯ ಪ್ರಶ್ನೆಗೆ ಹೋಗು, ಎರಡಾದರೆ ಇನ್ನೊಂದಕ್ಕೆ. ಹೀಗೆ ಗಲ್ಲಿಯಿಂದ ಗಲ್ಲಿಗೆ ತಿರುಗುತ್ತಾ ಹೋದರೆ ಕೊನೆಯ ಮನೆಯ ಬಾಗಿಲಲ್ಲಿ ಕೀಟದ ಹೆಸರು. ಯಲಿಗಾರ ಸರ್ ಇದಕ್ಕೊಂದು ಪದ್ಧತಿ ಮಾಡಿದ್ದರು. ಒಬ್ಬರು ನೋಡಬೇಕು, ಇನ್ನೊಬ್ಬರು ಓದಬೇಕು. ನೋಡುವವರು ಕಣ್ಣೆತ್ತಬಾರದು, ಓದುವವರು ಸೂಕ್ಷ್ಮದರ್ಶಕದಲ್ಲಿ ಇಣುಕಬಾರದು. "ಓದಾಂವಗ ಕಂಡ್ರ ತನಗ ಬೇಕಾದ ಹೆಸರಿನ ಕಡೆ ಎಳೀತಾನ" ಎನ್ನುತ್ತಿದ್ದರು.

ನೋಡುವವರು ಯಾವಾಗಲೂ ಕುಮುದಕ್ಕ, ಓದುವವರು ಸರ್. ಇಂಗ್ಲಿಷಿನ ಪ್ರಶ್ನೆಯನ್ನು ಓದುತ್ತಲೇ ಧಾರವಾಡದ ಕನ್ನಡಕ್ಕೆ ತಿರುಗಿಸುತ್ತಿದ್ದರು. ಪ್ರತಿ ಪ್ರಶ್ನೆಗೂ ಮೊದಲು ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಎರಡು ಸಲ ಟಕ್ ಟಕ್ ಎಂದು ಬಡಿದು, ಗಂಟಲೊಳಗೆ ಸಣ್ಣದಾಗಿ ಕೆಮ್ಮಿ, "ಕಾಲು ಅದಾವೇನವಾ?"

"ಇಲ್ಲ."

ಟಕ್ ಟಕ್. "ಹಲ್ಲು ಎಷ್ಟು ಜೋಡಿ ಅದಾವ?"

"ಮೂರು."

ಮುಗಿಯುವವರೆಗೂ ಆ ಕೋಣೆಯಲ್ಲಿ ಬೇರೆ ಮಾತಿಲ್ಲ. ನನಗಂತೂ ಅದು ಯಾರೋ ಇಬ್ಬರು ಸೇರಿ ಕಾಣದ ಮೂರನೆಯವರನ್ನು ವಿಚಾರಿಸುತ್ತಿದ್ದ ಹಾಗೆ ಅನಿಸುತ್ತಿತ್ತು. ಇಂಥ ದನಿಯನ್ನು ನಾನು ಬಿಟ್ಟೇನೆಯೇ? ಒಂದು ಮಧ್ಯಾಹ್ನ ಸರ್ ಊಟಕ್ಕೆ ಹೋದಾಗ ಅವರ ಕುರ್ಚಿಯಲ್ಲಿ ಕೂತು ಟಕ್ ಟಕ್ ಶುರುಮಾಡಿದ್ದೆ. ತಿರುಗಿದರೆ ಬಾಗಿಲಲ್ಲಿ ಅವರೇ. ಬೈಯಲಿಲ್ಲ. "ಕೆಮ್ಮು ಇನ್ನೂ ಸ್ವಲ್ಪ ಒಳಗಿಂದ ಬರಬೇಕಲೇ" ಎಂದು ತಿದ್ದಿ ಹೋದರು.

ಆ ವರ್ಷ ಆಗಸ್ಟಿನಲ್ಲಿ ಸರ್ ತೀರಿಕೊಂಡರು. ಹೃದಯಾಘಾತ. ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಡಲೇ ಇಲ್ಲವಂತೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕುರ್ಚಿ ಹಾಗೇ ಇತ್ತು, ಕುಮುದಕ್ಕ ದಿನವೂ ಅದನ್ನು ಒರೆಸುತ್ತಿದ್ದರು.

ಹೀಗಿರುವಾಗ ಅಕ್ಟೋಬರಿನ ಒಂದು ಬೆಳಿಗ್ಗೆ ಸಿದ್ರಾಮಣ್ಣ ಬಂದರು. ಇವರು ವಿಜಾಪುರ ಜಿಲ್ಲೆಯ ಇಂಡಿ ಕಡೆಯವರು. ಹರೆಯದಲ್ಲಿ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಆಮೇಲೆ ವಿಕ್ರೋಳಿಯಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ಪಕ್ಕದ ಒಂದು ಪಟ್ಟಿ ನೆಲದಲ್ಲಿ ತಮ್ಮೂರಿನ ಲಿಂಬೆಯ ಬೀಜ ಹಾಕಿ, ಸಸಿ ಮಾಡಿ ಮಾರುತ್ತಿದ್ದರು. ಅವರ ಗಿಡಗಳಿಗೆ ಯಲಿಗಾರ ಸರ್ ವೈದ್ಯರಿದ್ದ ಹಾಗೆ. ಸರ್ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಸಿದ್ರಾಮಣ್ಣನೂ ಒಬ್ಬರು.

ಈ ಸಲ ಅವರ ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಲಿಂಬೆಯ ಟೊಂಗೆಗಳಿದ್ದವು. ಎಲೆ, ಕಡ್ಡಿ, ಮುಳ್ಳು ಎಲ್ಲದರ ಮೇಲೆಯೂ ಕೆಂಪು ಕಂದು ಬೊಟ್ಟು. ಸರಕಾರದ ಕಡೆಯಿಂದ ಬಂದ ತಪಾಸಣೆಯವರು ನೋಡಿ, ಇದು ನಮ್ಮ ಕಡೆಯ ಹಳೆಯ ಜಾತಿಯಾದರೆ ಎಣ್ಣೆ ಸಿಂಪಡಿಸಿ ಬಿಡಿ, ಹೊರಗಿನಿಂದ ಬಂದ ಜಾತಿಯಾದರೆ ಇಡೀ ತೋಟ ಕಿತ್ತು ಸುಡಬೇಕು, ಇಲ್ಲದಿದ್ದರೆ ಸುತ್ತಲಿನ ಊರುಗಳ ಲಿಂಬೆ, ಮೋಸಂಬಿ ಯಾವುದೂ ಉಳಿಯುವುದಿಲ್ಲ ಎಂದಿದ್ದರಂತೆ. ಯಾವ ಜಾತಿಯೆಂದು ನಮ್ಮ ಪ್ರಯೋಗಾಲಯ ಹೇಳಬೇಕು.

"ಹದಿನೈದು ವರ್ಷದ ಗಿಡ ಅದಾವು, ಯವ್ವಾ" ಎಂದು ಸಿದ್ರಾಮಣ್ಣ ಕುಮುದಕ್ಕನಿಗೆ ಹೇಳಿದರು. "ನನ್ನ ಮಕ್ಕಳಿಗಿಂತ ಮೊದಲಿನವು. ಸಾಹೇಬ್ರು ಇದ್ದಿದ್ರ ಅವರು ಹೇಳಿದಂಗ ಕೇಳ್ತಿದ್ದೆ. ನೀವಿಬ್ಬರು ಸುಡು ಅಂದ್ರ ನಾ ಒಂದು ಎಲಿ ಸುಡಂಗಿಲ್ಲ, ಈಗ ಹೇಳಿಬಿಡ್ತೀನಿ."

"ಸುಡು ಅಂತ ಯಾರು ಹೇಳಿದರು ಈಗ? ಹೊರಗೆ ಬೆಂಚಿನ ಮೇಲೆ ಕೂತುಕೊಳ್ಳಿ" ಎಂದರು ಕುಮುದಕ್ಕ. ಟೊಂಗೆಗಳನ್ನು ನನ್ನ ಕಡೆಗೆ ಸರಿಸಿದರು. ಸರ್ ಇಲ್ಲದೆ ಜಾತಿ ಹಿಡಿಯುವ ಮೊದಲ ಕೆಲಸ ಅದು.

ನಾನು ಹೆಣ್ಣುಗಳನ್ನು ಎತ್ತಿ, ಕಾಯಿಸಿ, ಬಣ್ಣ ಹಾಕಿ ಸ್ಲೈಡ್ ಮಾಡುವಷ್ಟರಲ್ಲಿ ಮಧ್ಯಾಹ್ನ ಇಳಿಮುಖವಾಗಿತ್ತು. ಕುಮುದಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಓದು" ಎಂದರು. ಪುಸ್ತಕದ ದೀಪ ಸರ್ ಕುರ್ಚಿಯ ಪಕ್ಕದಲ್ಲಿದ್ದುದರಿಂದ ನಾನು ಅಲ್ಲೇ ಕೂರಬೇಕಾಯಿತು. ಓದಲು ಶುರುಮಾಡಿದೆ.

"ಏನು ಲೋಕಲ್ ಹಿಡಿಯುವವನ ಹಾಗೆ ಓದ್ತೀಯೋ? ನಾನು ಹಲ್ಲು ಹುಡುಕುವಷ್ಟರಲ್ಲಿ ನೀನು ಕೂದಲಿಗೆ ಹೋಗಿ ಆಯ್ತು."

ನಿಧಾನ ಮಾಡಿದೆ. ಅದೂ ಆಗಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಾನು ನಿಲ್ಲುತ್ತಿರಲಿಲ್ಲವಂತೆ. ಮೂರು ಸಲ ಮೊದಲಿನಿಂದ ಶುರುಮಾಡಿದೆವು, ಮೂರು ಸಲವೂ ಅವರು ದಾರಿ ತಪ್ಪಿದರು. ಕೊನೆಗೆ ಕಣ್ಣಿಡುವ ಗಾಜಿನ ಮೇಲೆ ಬೆವರು ಬಿತ್ತೆಂದು ಸೆರಗಿನಲ್ಲಿ ಒರೆಸಿದರು. ಅದು ಬೆವರಲ್ಲವೆಂದು ನನಗೆ ತಿಳಿಯಿತು. ನನಗೆ ಅಳುವವರನ್ನು ಕಂಡರೆ ಭಯ, ನಗಿಸುವುದೊಂದೇ ಗೊತ್ತು. ಪೆನ್ಸಿಲ್ ತಿರುಗಿಸಿ ಹಿಡಿದು ಟಕ್ ಟಕ್ ಎಂದು ಬಡಿದೆ. ಒಳಗಿನಿಂದ ಕೆಮ್ಮಿದೆ. "ಕಾಲು ಅದಾವೇನವಾ?"

ಕುಮುದಕ್ಕ ನಗಲಿಲ್ಲ. ಬೈಯಲೂ ಇಲ್ಲ. ಕಣ್ಣೆತ್ತದೆಯೇ, "ಇಲ್ಲ" ಎಂದರು. ಆಮೇಲೆ ತೀರಾ ಮೆತ್ತಗೆ, "ಹಾಗೇ ಓದು ಸದಾ."

ಓದಿದೆ. ಟಕ್ ಟಕ್, ಪ್ರಶ್ನೆ, ಇದೆ, ಇಲ್ಲ. ಪುಸ್ತಕದ ಇಂಗ್ಲಿಷ್ ನನ್ನ ಬಾಯಲ್ಲಿ ಅದು ಹೇಗೋ ಧಾರವಾಡದ ಕನ್ನಡವಾಗುತ್ತಾ ಹೋಯಿತು. ಮೊದಮೊದಲು ನನಗೆ ಮಜಾ ಅನಿಸಿತು. ಹತ್ತು ಹನ್ನೆರಡು ಪ್ರಶ್ನೆಗಳಾದ ಮೇಲೆ ಮಜಾ ನಿಂತಿತು. ಪೆನ್ಸಿಲ್ ಬಡಿಯಬೇಕೆಂದು ನಾನು ಯೋಚಿಸುವ ಮೊದಲೇ ಅದು ಬಡಿದಿರುತ್ತಿತ್ತು. ಎಲ್ಲಿ ಕಾಯಬೇಕು, ಎಷ್ಟು ಕಾಯಬೇಕು ಎನ್ನುವುದು ಗಂಟಲಿಗೆ ತಾನಾಗಿ ಗೊತ್ತಾಗುತ್ತಿತ್ತು. ಕುಮುದಕ್ಕನ ಉತ್ತರಗಳು ಹಳೆಯ ಕಾಲದ ಹಾಗೆ ತಟ್ಟನೆ ಬರತೊಡಗಿದವು. ಕೆಳಗೆ ಲೋಕಲ್ ಹೋಯಿತು, ಸೀಸೆಗಳು ಹಲ್ಲು ಕಡಿದವು, ನಿಂತವು. ನನ್ನ ಬೆನ್ನಿನ ಬೆವರು ತಣ್ಣಗಾಗಿತ್ತು.

ಪುಸ್ತಕದ ಗಲ್ಲಿಗಳೆಲ್ಲ ಮುಗಿದು ಕೊನೆಯ ಪ್ರಶ್ನೆಗೆ ಬಂದೆವು. ಅದಕ್ಕೂ "ಇದೆ" ಎಂದರು. ಕೆಳಗೆ ಹೆಸರಿತ್ತು. ನಮ್ಮ ಕಡೆಯ ಹಳೆಯ ಜಾತಿ. ಸಿದ್ರಾಮಣ್ಣನ ತೋಟ ಉಳಿದಿತ್ತು. ಸಿಳ್ಳೆ ಹಾಕೋಣವೆಂದು ನಾನು ಬಾಯಿ ತೆರೆದೆ.

ಟಕ್ ಟಕ್.

"ಬಸಿರಿನ ಬಾಗಲದ ಮುಂದ ಒಂದು ಕಮಾನು ಅದ ಏನು, ನೋಡವಾ. ಲಾಳ ಬೋರಲ ಹಾಕಿದಂಗ."

ಆ ಮಾತು ನನ್ನ ಬಾಯಿಂದ ಬಂತು. ಅದನ್ನು ನಾನು ಕೇಳಿಸಿಕೊಂಡೆ, ಪಕ್ಕದ ಕೋಣೆಯ ಮಾತು ಕೇಳಿಸಿಕೊಂಡ ಹಾಗೆ.

ಕುಮುದಕ್ಕ ಗಾಜಿನ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದರು. ಸೂಕ್ಷ್ಮದರ್ಶಕದ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಮತ್ತೊಮ್ಮೆ ಹಿಂದಕ್ಕೆ ತಿರುಗಿಸಿದರು.

"ಇದೆ" ಎಂದರು. ಆಮೇಲೆ ಪದ್ಧತಿ ಮುರಿದು ಕಣ್ಣೆತ್ತಿದರು. "ಇದು ಯಾವ ಪುಟದಲ್ಲಿದೆ?"

ನಾನು ಪುಸ್ತಕ ನೋಡಿದೆ. ಹೆಸರಿನ ಕೆಳಗೆ ಖಾಲಿ ಜಾಗ. ಹಿಂದಿನ ಪುಟ ನೋಡಿದೆ, ಮುಂದಿನದನ್ನು ನೋಡಿದೆ. "ಎಲ್ಲೂ ಇಲ್ಲ ಕುಮುದಕ್ಕ."

"ಮತ್ತೆ ನೀನು ಏನು ಓದಿದೆ?"

"ನಾನು ಓದಲಿಲ್ಲ."

"ಸದಾ, ಚೇಷ್ಟೆ ಬೇಡ."

"ಅಮ್ಮನಾಣೆ. ಕೀಟದ ಮೈಯಲ್ಲಿ ಕಮಾನು ಅಂದರೆ ಏನೆಂದೇ ನನಗೆ ಗೊತ್ತಿಲ್ಲ ಮಾರಾಯ್ರೆ. ಸರ್ ನಿಮಗೆ ಯಾವಾಗಲಾದರೂ ಕೇಳುತ್ತಿದ್ದರೇನೋ, ಅದನ್ನೇ ಕೇಳಿಕೊಂಡು ನಾನು..."

ಅವರು ತಲೆಯಾಡಿಸಿದರು. "ಇಷ್ಟು ವರ್ಷದಲ್ಲಿ ಅವರು ಈ ಪ್ರಶ್ನೆ ಒಮ್ಮೆಯೂ ಕೇಳಿಲ್ಲ."

ನಾವಿಬ್ಬರೂ ಸ್ವಲ್ಪ ಹೊತ್ತು ಆ ಪೆನ್ಸಿಲನ್ನೇ ನೋಡುತ್ತಾ ಕೂತೆವು. ಅದು ನನ್ನ ಕೈಯಲ್ಲೇ ಇತ್ತು, ಕೆಳಗಿಡಲು ಧೈರ್ಯವಾಗಲಿಲ್ಲ.

ಕುಮುದಕ್ಕ ಎದ್ದು ಕಪಾಟಿನಿಂದ ಮರದ ಪೆಟ್ಟಿಗೆ ತಂದರು. ಅದರಲ್ಲಿ ಹಿಂದೆ ಗುರುತಿಸಿದ ಜಾತಿಗಳ ಸ್ಲೈಡುಗಳೂ, ಹೋಲಿಸಿ ನೋಡಲೆಂದು ಹೊರದೇಶದವರು ಕಳಿಸಿದ್ದ ಸ್ಲೈಡುಗಳೂ ಇದ್ದವು. ನಮ್ಮ ಕಡೆಯ ಜಾತಿಯ ಸ್ಲೈಡುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಯಾವುದರಲ್ಲೂ ಕಮಾನಿಲ್ಲ. ಆಮೇಲೆ ಹೊರಗಿನ ಜಾತಿಯದನ್ನು ಇಟ್ಟರು. ಈ ಸಲ ನನ್ನನ್ನೂ ಕರೆದರು. "ನೀನೂ ನೋಡು." ಇಣುಕಿದೆ. ಗುಲಾಬಿ ಬಣ್ಣದ ಬರಿದಾದ ತೊಗಲು, ಅದರ ನಡುವೆ ತಲೆಕೆಳಗಾದ ಲಾಳದಂಥ ಗೆರೆ. ಸಿದ್ರಾಮಣ್ಣನ ಗಿಡದ್ದನ್ನು ಇಟ್ಟರು. ಅದೇ ಗೆರೆ. ನಾನು ಮಾಡಿಟ್ಟಿದ್ದ ಉಳಿದ ಸ್ಲೈಡುಗಳಲ್ಲೂ ಅದೇ. ಪುಸ್ತಕ ಹಳೆಯದು. ಈ ಎರಡು ಜಾತಿಗಳನ್ನು ಬೇರೆ ಮಾಡುವ ಗುರುತು ಅದನ್ನು ಬರೆದವರಿಗೆ ತಿಳಿದಿರಲಿಲ್ಲ, ನಾವು ಅದನ್ನು ನಂಬಿ ತೋಟವನ್ನು ಬಿಟ್ಟುಬಿಡುತ್ತಿದ್ದೆವು.

"ಯಾರು ಹೇಳಲಿ ಅವರಿಗೆ?" ಎಂದು ಕುಮುದಕ್ಕ ಬಾಗಿಲ ಕಡೆ ನೋಡಿದರು.

ಹೇಳಬೇಕಾಗಲಿಲ್ಲ. ಬಾಗಿಲು ತೆರೆದರೆ ಸಿದ್ರಾಮಣ್ಣ ಎದ್ದು ನಿಂತಿದ್ದರು. ರುಮಾಲು ತೆಗೆದು ಎದೆಗೆ ಒತ್ತಿ ಹಿಡಿದಿದ್ದರು. ಕುಮುದಕ್ಕ "ಸಿದ್ರಾಮಣ್ಣಾ, ಇದು ಹೊರಗಿನದು" ಎನ್ನುವಷ್ಟರಲ್ಲಿ ತಡೆದರು.

"ಗೊತ್ತಾತು ಯವ್ವಾ. ಸಾಹೇಬ್ರು ಕೇಳಿದ್ದು ನನಗೂ ಕೇಳಿಸ್ತು. ಅವರು ಅಷ್ಟು ಸುಮ್ನ ಕೇಳಾವರಲ್ಲ." ರುಮಾಲು ಮತ್ತೆ ಸುತ್ತಿಕೊಂಡು, "ನಾಳೆ ಸುಡ್ತೀನಿ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಟೊಂಗೆ ಸುತ್ತಿ ತಂದಿದ್ದ ಬಟ್ಟೆಯನ್ನೂ ಬಿಟ್ಟು ಹೋದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನನ್ನು ಕಾಡಿದ್ದು ಒಂದೇ. ನಮ್ಮ ಮಾತಿಗೆ ಒಪ್ಪುವುದಿಲ್ಲ ಎಂದಿದ್ದ ಸಿದ್ರಾಮಣ್ಣ ಸತ್ತವರ ಮಾತಿಗೆ ಒಪ್ಪಿ ಮಕ್ಕಳಂಥ ಗಿಡಗಳಿಗೆ ಬೆಂಕಿ ಇಡಲು ಹೊರಟಿದ್ದಾರೆ. ಅದು ನನ್ನ ದನಿಯೆಂದು ಅವರಿಗೆ ತಿಳಿಯಲೇಬೇಕು. ತಿಳಿದ ಮೇಲೂ ಸುಡುತ್ತಾರೋ ಬಿಡುತ್ತಾರೋ, ಸ್ಲೈಡು ತೋರಿಸಿ ಕುಮುದಕ್ಕ ಒಪ್ಪಿಸಲಿ. ಬೆಳಗಾಗುತ್ತಲೇ ದಾದರಿನಲ್ಲಿ ಲೋಕಲ್ ಹತ್ತಿ ವಿಕ್ರೋಳಿಗೆ ಹೋದೆ.

ನಾನು ತಲುಪುವಷ್ಟರಲ್ಲಿ ಅರ್ಧ ತೋಟ ನೆಲದಲ್ಲಿ ಮಲಗಿತ್ತು. ತೋಟಕ್ಕೆ ತಾಗಿದ್ದ ಫ್ಯಾಕ್ಟರಿಯೊಂದರ ಗೋಡೆಯ ಪಕ್ಕ ಬೆಂಕಿ ಉರಿಯುತ್ತಿತ್ತು. ಲಿಂಬೆಯ ಹಸಿ ಎಲೆ ಸುಡುವಾಗ ಚಟಚಟ ಸಿಡಿಯುತ್ತದೆ, ವಾಸನೆ ಮಾತ್ರ ಯಾರೋ ಉಪ್ಪಿನಕಾಯಿ ಹಾಕುತ್ತಿದ್ದಾರೇನೋ ಎನ್ನುವಷ್ಟು ಚೆನ್ನಾಗಿರುತ್ತದೆ. ಸಿದ್ರಾಮಣ್ಣ ಕೋಲಿನಿಂದ ಟೊಂಗೆಗಳನ್ನು ಬೆಂಕಿಯೊಳಗೆ ಒತ್ತುತ್ತಿದ್ದರು.

"ಸಿದ್ರಾಮಣ್ಣ, ಸ್ವಲ್ಪ ನಿಲ್ಲಿ. ನಿನ್ನೆ ಒಳಗೆ ಮಾತಾಡಿದ್ದು ನಾನು. ನನಗೆ ಹಾಗೆ ದನಿ ತೆಗೆಯುವ ಚಟ ಉಂಟು. ಸರ್ ಅಲ್ಲ, ನಾನು."

ಅವರು ತಿರುಗಿ ನೋಡಿದರು. "ಮಾಡಿ ತೋರಿಸು ನೋಡೂಣು."

ಮಾಡಿದೆ. ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ದನಿಯನ್ನೂ ಮಾಡಿದವನಲ್ಲ. ಕೋಲಿನ ತುಂಡಿನಿಂದ ಕಲ್ಲಿಗೆ ಟಕ್ ಟಕ್ ಬಡಿದು, ಕೆಮ್ಮಿ, ಕಾಲಿನ ಪ್ರಶ್ನೆ, ಹಲ್ಲಿನ ಪ್ರಶ್ನೆ, ಕೊನೆಗೆ ಕಮಾನಿನ ಪ್ರಶ್ನೆ. ಸಿದ್ರಾಮಣ್ಣ ತಲೆ ಒಂದು ಕಡೆ ವಾಲಿಸಿ ಪೂರ್ತಿ ಕೇಳಿದರು. ಅವರ ತುಟಿಯ ಮೇಲೆ ಸಣ್ಣ ನಗುವೂ ಬಂತು.

"ಚಲೋ ತಗೀತಿ ತಮ್ಮಾ" ಎಂದರು. "ನಿನ್ನೆ ಬೆಂಚಿನ ಮ್ಯಾಲೆ ಕುಂತಾಗ ನೀನ ಅಂತ ನನಗ ಗೊತ್ತಾಗಿತ್ತು. ಸಾಹೇಬ್ರು ಹೋದ್ರೂ ಈ ಹುಡುಗ ಅವರನ್ನ ಬಿಡವಲ್ಲ ಅಂತ ಒಳಗೊಳಗ ನಗಾಕತ್ತಿದ್ದೆ." ಕೋಲಿನಿಂದ ಒಂದು ಟೊಂಗೆಯನ್ನು ಮತ್ತೆ ಬೆಂಕಿಗೆ ನೂಕಿದರು. "ಮೊದಲಿಂದೆಲ್ಲ ನೀನ. ಕಡೀಕ ಒಂದು ಕೇಳಿದ್ರಲ್ಲ, ಅದು ನೀ ಅಲ್ಲ."

ಬೆಂಕಿಯ ಎದುರಿಗೆ ನಿಂತಿದ್ದರೂ ನನ್ನ ತೋಳಿನ ಕೂದಲು ನೆಟ್ಟಗಾಗಿದ್ದವು. ಆಮೇಲೆ ನಾನೂ ಒಂದು ಕೋಲು ತೆಗೆದುಕೊಂಡು ಅವರ ಜೊತೆ ಮಧ್ಯಾಹ್ನದವರೆಗೆ ಟೊಂಗೆ ಒತ್ತಿದೆ.

ಇದಾಗಿ ನಾಲ್ಕು ವರ್ಷವಾಯಿತು. ಆ ಕೀಟ ವಿಕ್ರೋಳಿಯಿಂದ ಆಚೆ ಹೋಗಲಿಲ್ಲ. ಸಿದ್ರಾಮಣ್ಣ ಈಗ ಅದೇ ನೆಲದಲ್ಲಿ ಮಲ್ಲಿಗೆ, ಗುಲಾಬಿ ಬೆಳೆಯುತ್ತಾರೆ, ಲಿಂಬೆ ಹಾಕುವುದಿಲ್ಲ. ತಿಳಿದವರು ನನಗೆ ಸಮಾಧಾನ ಹೇಳಿದ್ದಾರೆ. ಸರ್ ಯಾರ ಜೊತೆಗೋ ಆ ಕಮಾನಿನ ಮಾತಾಡಿದ್ದನ್ನು ನೀನು ತೊಗಲು ಕಾಯಿಸುತ್ತಾ ಅರೆಬರೆ ಕೇಳಿರುತ್ತೀ, ಮರೆತಿದ್ದೀ, ದನಿಯ ಜೊತೆ ಅದೂ ಮೇಲೆ ಬಂತು ಎನ್ನುತ್ತಾರೆ. ಇರಬಹುದು. ಹಗಲಿನಲ್ಲಿ ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ.

ಊರಲ್ಲಿರುವ ಎಲ್ಲರ ದನಿಯನ್ನೂ ಈಗಲೂ ಮಾಡುತ್ತೇನೆ, ಕೇಳಿದರೆ ಇದನ್ನು ಅಚ್ಚು ಹಾಕುತ್ತಿರುವ ಪತ್ರಿಕೆಯ ಸಂಪಾದಕರದ್ದನ್ನೂ ಮಾಡಿಯೇನು. ಪ್ರಯೋಗಾಲಯದಲ್ಲಿ ಪುಸ್ತಕ ಓದುವಾಗ ಮಾತ್ರ ನನ್ನದೇ ದನಿ. ಓದುತ್ತಾ ಓದುತ್ತಾ ಕೊನೆಯ ಪ್ರಶ್ನೆ ಬರುತ್ತದೆ, ಕುಮುದಕ್ಕ ಉತ್ತರ ಹೇಳುತ್ತಾರೆ, ಕೆಳಗೆ ಹೆಸರಿರುತ್ತದೆ. ಆದರೂ ನಾನು ಕೂಡಲೇ ಪುಸ್ತಕ ಮುಚ್ಚುವುದಿಲ್ಲ, ಅವರು ಕೂಡಲೇ ಕಣ್ಣೆತ್ತುವುದಿಲ್ಲ. ಏಕೆಂದು ನಾವು ಒಬ್ಬರನ್ನೊಬ್ಬರು ಕೇಳಿಲ್ಲ. ಇನ್ನೂ ಏನಾದರೂ ಕೇಳುವುದಿದೆಯೋ ಎಂದು ಒಂದು ಲೋಕಲ್ ಹೋಗುವಷ್ಟು ಹೊತ್ತು ಇಬ್ಬರೂ ಸುಮ್ಮನೆ ಕಾಯುತ್ತೇವೆ.